ತುಂಗತ್ತೆ ಬಾವಿಯಿಂದ ಮೇಲೆ ಬಂದದ್ದು

೧೨ ಆಗಸ್ಟ್ ೧೯೯೧, ಸೋಮವಾರ

ಈ ಡೈರಿ ಬೀಜದ ಕಂಪನಿಯವರು ನನ್ನ ಮಗ ಅಜ್ಜಪ್ಪನಿಗೆ ಕೊಟ್ಟದ್ದು. ರಟ್ಟಿನ ಮೇಲೆ ಒಂದು ಟೊಮೇಟೊ ಇದೆ. ಅಂಥ ಟೊಮೇಟೊ ಕದರಮಂಡಲಗಿಯ ಯಾವ ಹೊಲದಲ್ಲೂ ನಾನು ಕಂಡಿಲ್ಲ. ಜನವರಿ ಒಂದನೇ ತಾರೀಖಿಗೆ ಅಜ್ಜಪ್ಪ ತನ್ನ ಹೆಸರು ಬರೆದಿದ್ದಾನೆ. ಅಷ್ಟಕ್ಕೇ ದಣಿದಿರಬೇಕು, ಮುಂದೆಲ್ಲ ಖಾಲಿ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಖಾಲಿ ಹಾಳೆ ಕಂಡರೆ ಇವತ್ತಿಗೂ ಕೈ ತುರಿಸುತ್ತದೆ, ಆದರೆ ಇಷ್ಟು ವರ್ಷ ಕೈಗೆ ಬೇರೆ ಕೆಲಸ ಇತ್ತು. ಈಗ ಇಲ್ಲ.

ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದೆ. ಹಾವೇರಿಗೆ ಒಯ್ದು ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿದರು. ಎಲುಬು ಮುರಿದಿಲ್ಲ, ಸೀಳಿದೆ ಅಷ್ಟೇ ಎಂದು ಡಾಕ್ಟರ ಹೇಳಿದ. ಐದು ವಾರ ಕಾಲು ನೆಲಕ್ಕೆ ತಾಗಿಸಬಾರದಂತೆ. ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿಲ್ಲ. ವಯಸ್ಸು ಎಷ್ಟು ಎಂದು ಕೇಳಿದ. ಅರವತ್ತನಾಲ್ಕೋ ಐದೋ, ನಿನಗೆ ಯಾವುದು ಸುಲಭವೋ ಅದನ್ನು ಬರೆದುಕೋ ಎಂದೆ.

ಬಿದ್ದ ಹೊತ್ತು ಸರಿ ಇರಲಿಲ್ಲ. ಹೊಲದಲ್ಲಿ ಬೀಜದ ಹತ್ತಿಯ ಕ್ರಾಸಿಂಗ್ ಸುರುವಾಗಿದೆ. ಮಧ್ಯಾಹ್ನ ಮೊಗ್ಗು ಬಿಡಿಸಿ, ಅದರ ಕೇಸರ ತೆಗೆದು ಕೆಂಪು ಕಾಗದ ಹೊದಿಸಬೇಕು; ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ತಾಗಿಸಬೇಕು. ಎರಡು ತಿಂಗಳು ಸೊಸೆ ಮಂಗಳವ್ವ ಹೊಲ ಬಿಟ್ಟು ಬರುವಂತಿಲ್ಲ. ನನ್ನನ್ನು ಎಬ್ಬಿಸಿ ಕೂರಿಸಲು, ಬಚ್ಚಲಿಗೆ ಒಯ್ಯಲು ಯಾರಾದರೂ ಬೇಕಲ್ಲ. ಅಜ್ಜಪ್ಪ ರಾಣೆಬೆನ್ನೂರಿಗೆ ಹೋಗಿ ತನ್ನ ಮಗಳನ್ನು ಕರೆತಂದ. ಅವಳು ಅಲ್ಲಿ ಸೋದರಮಾವನ ಮನೆಯಲ್ಲಿದ್ದು ಪಿಯುಸಿ ಎರಡನೇ ವರ್ಷ ಓದುತ್ತಾಳೆ. ಹದಿನೇಳು ವರ್ಷ. ನಮ್ಮ ಅತ್ತೆಯ ಹೆಸರು ನೀಲಗಂಗವ್ವ ಎಂದು ಇಟ್ಟಿದ್ದೆವು. ಕಾಲೇಜಿಗೆ ಹೋಗಿ ನೀಲಾ ಆಗಿದ್ದಾಳೆ. ಟ್ರಂಕಿನ ತುಂಬ ಪುಸ್ತಕ, ಮುಖದ ತುಂಬ ಸಿಟ್ಟು ತಂದಿದ್ದಾಳೆ. ಸಿಟ್ಟಿನಲ್ಲಿ ನಮ್ಮ ಅತ್ತೆಯೇ.

೧೪ ಆಗಸ್ಟ್, ಬುಧವಾರ

ನೀಲಾ ಗಂಜಿ ತಂದಿಟ್ಟಳು, ಬಟ್ಟಲು ತೆಗೆದುಕೊಂಡು ಹೋದಳು. ಮಾತಾಡಲಿಲ್ಲ. ನಾನೂ ಆಡಲಿಲ್ಲ. ಪ್ಲಾಸ್ಟರಿನೊಳಗೆ ತುರಿಸುತ್ತದೆ.

೧೭ ಆಗಸ್ಟ್, ಶನಿವಾರ

ಬೆಳಿಗ್ಗೆ ಕಿಟಕಿಯ ಹತ್ತಿರ ಕುಳಿತು ಒಂದು ದಪ್ಪ ಪುಸ್ತಕ ಓದುತ್ತಿದ್ದಳು. ಪರೀಕ್ಷೆಗೆ ಇಟ್ಟಿರುವ ಹಳೆಯ ಕಾದಂಬರಿಯಂತೆ. ಗೋಡೆ ನೋಡಿ ನೋಡಿ ಸಾಕಾಗಿದೆ, ನನಗೂ ಕೇಳುವ ಹಾಗೆ ಓದು ಎಂದೆ. ಮೊದಲ ಪುಟ ತಿರುವಿ, ದಾರಿಯಲ್ಲಿ ಹೋಗುವವರ ಮೇಲೆ ನೀರು ಚೆಲ್ಲಿದ ಹಾಗೆ ಓದಿದಳು: ‘ಹೊಳೆಯಾಚೆ ರೈಲು ಕೂಗಿದಾಗಲೆಲ್ಲ ದಾಮುವಿಗೆ ಹಸಿವಾಗುತ್ತಿತ್ತು.’

“ತುಂಗತ್ತೆ ಅದನ್ನು ಜಂತುಹುಳ ಎಂದಳು,” ಎಂದು ಮುಂದಿನ ಸಾಲು ನಾನು ಹೇಳಿದೆ.

ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. “ನಿನಗ ಹೆಂಗ ಗೊತ್ತು ಆಯಿ?”

ಊರಿಗೆ ಬಂದ ಮೇಲೆ ಆಡಿದ ಮೊದಲನೇ ಮಾತು. ಹೇಳಿದೆ. ತವರುಮನೆ ಮೋಟೆಬೆನ್ನೂರಿನಲ್ಲಿ ಶಾಲೆಯ ಮಾಸ್ತರರ ಹೆಂಡತಿಗೆ ನಾನು ದಿನಾ ನಾಲ್ಕು ಕೊಡ ನೀರು ಸೇದಿಕೊಡುತ್ತಿದ್ದೆ. ಬದಲಿಗೆ ಅವಳು ಓದಲು ಪುಸ್ತಕ ಕೊಡುತ್ತಿದ್ದಳು. ಈ ಪುಸ್ತಕ ಕೊಟ್ಟಾಗ ನನಗೆ ಹದಿಮೂರು. ದಾಮು ತಂದೆತಾಯಿ ಇಲ್ಲದ ಹುಡುಗ. ಸಾಕಿದವಳು ಸೋದರತ್ತೆ ತುಂಗತ್ತೆ. ಹದಿನಾರಕ್ಕೆ ಅವನು ಓದಲು ಪಟ್ಟಣಕ್ಕೆ ಹೋಗುತ್ತೇನೆ ಎನ್ನುತ್ತಾನೆ. ಅವನು ಹೊರಟಾಗಲೆಲ್ಲ ಅವಳು ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ. ಮೂರನೇ ಸಲ ಅವನು ನಿಲ್ಲುವುದಿಲ್ಲ, ಸ್ಟೇಶನ್ನಿಗೆ ಹೋಗಿ ರೈಲಿನ ಮೆಟ್ಟಿಲ ಮೇಲೆ ಕಾಲಿಡುತ್ತಾನೆ. ನಾನು ಆ ಪುಟದಲ್ಲಿದ್ದಾಗ ನನ್ನನ್ನು ನೋಡಲು ಗಂಡಿನವರು ಬಂದರು. ಪುಸ್ತಕ ಮಾಸ್ತರರ ಮನೆಗೆ ಹೋಯಿತು, ನಾನು ಈ ಮನೆಗೆ ಬಂದೆ. ದಾಮು ಐವತ್ತೊಂದು ವರ್ಷ ಆ ಮೆಟ್ಟಿಲ ಮೇಲೇ ನಿಂತಿದ್ದಾನೆ.

“ಹಂಗಾರ ಮುಂದ ಏನಾತು ಅಂತ ನಿನಗ ಗೊತ್ತಽ ಇಲ್ಲ?”

“ಗೊತ್ತಿಲ್ಲದ ಏನು? ನಾನಽ ಮಾಡೇನಿ,” ಎಂದೆ.

ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಹೆಂಗಸರೆಲ್ಲ ಸಾಲಾಗಿ ಕುಳಿತು ಕಾಯಿಯ ತೊಟ್ಟು ಮುರಿಯುತ್ತೇವೆ. ಕೈಗೆ ಕೆಲಸ, ಬಾಯಿ ಖಾಲಿ. ಅಲ್ಲಿ ಪ್ರತಿ ವರ್ಷ ದಾಮುವಿನ ಕಥೆ ನಾನೇ ಹೇಳುವುದು. ಕೊನೆ ನನ್ನದು. ಯಾರೂ ಇದುವರೆಗೆ ತಕರಾರು ತೆಗೆದಿಲ್ಲ.

ನೀಲಾ ನಕ್ಕಳು. ಆಮೇಲೆ ಸಿಟ್ಟಿನಲ್ಲಿರುವುದು ನೆನಪಾಗಿ ನಿಲ್ಲಿಸಿದಳು.

೨೩ ಆಗಸ್ಟ್, ಶುಕ್ರವಾರ

ದಿನಾ ಐದಾರು ಪುಟ ಓದುತ್ತಾಳೆ. ದಾಮು ಎರಡನೇ ಸಲ ಹೊರಟು ಹೊಸ್ತಿಲಿಂದ ವಾಪಸು ಬಂದ. ಅವಳು ಕಣ್ಣು ಒರೆಸಿಕೊಂಡಳು. ನೀರು ಕುಡಿದು ಬರುತ್ತೇನೆಂದು ಎದ್ದು ಹೋದಳು. ಹದಿಮೂರರಲ್ಲಿ ನಾನೂ ಇದೇ ಪುಟಕ್ಕೆ ಅತ್ತಿದ್ದೆ. ಈ ಮುದುಕಿ ಸಾಯಬಾರದೇ ಎಂದು ಕದರಮಂಡಲಗಿಯ ಹನುಮಪ್ಪನಿಗೆ ಕಾಯಿ ಕಟ್ಟುತ್ತೇನೆಂದು ಹರಕೆ ಹೊತ್ತಿದ್ದೆ. ಈಗ ನೋಡಿದರೆ ಈ ಹುಡುಗ ಮೂವತ್ತು ಪುಟದಲ್ಲಿ ನಾಲ್ಕು ಸಲ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಿದ್ದಾನೆ. ಎದ್ದು ಹೋಗಿ ಹೊಳೆಯ ದಂಡೆಯಲ್ಲಿ ನಿಟ್ಟುಸಿರು ಬಿಡುತ್ತಾನೆ. ಆ ಅನ್ನ ತಾನೇ ಬೆಂದಿತೇ? ಆ ತಟ್ಟೆ ಯಾರು ತೊಳೆದರು? ಬರೆದವನು ಅದನ್ನು ಬರೆದಿಲ್ಲ.

ಅದನ್ನೇ ನೀಲಾಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು. “ಅಕಿ ಸುಳ್ಳ ಸುಳ್ಳ ಮಲಗ್ಯಾಳ ಆಯಿ. ಓದವ್ರಿಗೆಲ್ಲಾ ಗೊತ್ತಾಗ್ತೈತಿ.”

“ಸುಳ್ಳ ಮಲಗೂದೂ ಒಂದು ಕೆಲಸಾನಽ. ನೀ ಒಂದು ದಿನ ಮಲಗಿ ನೋಡು, ಬೆನ್ನು ಹೆಂಗ ಹಿಡೀತೈತಿ.”

ಪುಸ್ತಕ ಮುಚ್ಚಿಟ್ಟಳು. ಚಹಾ ಮಾತ್ರ ತಂದುಕೊಟ್ಟಳು, ಸಕ್ಕರೆ ಕಡಿಮೆ.

೩೧ ಆಗಸ್ಟ್, ಶನಿವಾರ

ಹಿಂದಿನ ಓಣಿಯ ಮೆಹಬೂಬಿ ನೋಡಲು ಬಂದಳು. ಗೋದಾಮಿನಲ್ಲಿ ನಲವತ್ತು ವರ್ಷದಿಂದ ನನ್ನ ಎಡಕ್ಕೆ ಕೂರುವವಳು. ನೀಲಾ ಅವಳನ್ನು ಹಿಡಿದು, ಆಯಿ ದಾಮುವಿನ ಕಥೆಗೆ ಹಾಕಿದ ಕೊನೆ ಯಾವುದು ಎಂದು ಕೇಳಿದಳು. ಮೆಹಬೂಬಿ ಎಲೆಗೆ ಸುಣ್ಣ ಸವರುತ್ತ, ಯಾವ ವರ್ಷದ್ದು ಹೇಳಲಿ ಎಂದಳು.

“ಒಂದಽ ಅಲ್ಲೇನು?”

“ಮೊದಲನೇ ವರ್ಷ ತುಂಗತ್ತಿ ಬಾವ್ಯಾಗ ಬಿದ್ದು ಸತ್ಲು. ಆಗ ನಿಮ್ಮ ಆಯಿಗೂ ಅಕಿ ಅತ್ತಿಗೂ ದಿನಾ ಜಗಳ. ನಾವೆಲ್ಲಾ ಸೊಸೆದೇರು, ಛಲೋ ಆತು ಬಿಡು ಅಂದ್ವಿ. ನಿಮ್ಮಪ್ಪನ ಲಗ್ನ ಆತು ನೋಡು, ಆ ವರ್ಷ ಅಕಿನ್ನ ಬಾವಿಂದ ಮ್ಯಾಲೆ ತಗದ್ಲು. ನೀ ಹುಟ್ಟಿದ ಮ್ಯಾಲೆ ದಾಮು ಸಾಹೇಬ ಆಗಿ ಬಂದು ಅಕಿ ಕಾಲಿಗೆ ಬಿದ್ದ.”

ನೀಲಾ ಎಷ್ಟು ನಕ್ಕಳೆಂದರೆ ಕಂಬ ಹಿಡಿದುಕೊಂಡಳು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಾನು ಯಾವತ್ತೂ ಅವಳನ್ನು ಬಾವಿಗೆ ಹಾಕಿಲ್ಲ. ಮೆಹಬೂಬಿಗೆ ವಯಸ್ಸಾಯಿತು.

೯ ಸೆಪ್ಟೆಂಬರ್, ಸೋಮವಾರ

ಹಾವೇರಿಯಲ್ಲಿ ಪ್ಲಾಸ್ಟರ್ ಒಡೆದರು. ಒಳಗಿದ್ದ ಕಾಲು ನನ್ನದೇ ಎಂದು ನಂಬುವುದು ಕಷ್ಟವಾಯಿತು. ಡಾಕ್ಟರ ಹಿಡಿದುಕೊಂಡು ನಡೆಸಿದ. ಕೂಡಿದೆ, ಒಂದು ವಾರ ಕೋಲು ಹಿಡಿದು ಓಡಾಡಿರಿ, ಆಮೇಲೆ ಅದೂ ಬೇಡ ಎಂದ. ಅಜ್ಜಪ್ಪ ಆಗ ಔಷಧ ತರಲು ಹೋಗಿದ್ದ. ಬಂದು ಏನಂದರು ಎಂದು ಕೇಳಿದ. ಇನ್ನೂ ಮಲಗಬೇಕಂತೆ ಎಂದೆ. ಎಷ್ಟು ದಿನ ಎಂದು ಅವನು ಕೇಳಲಿಲ್ಲ. ಕೇಳದ್ದಕ್ಕೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ಕಾದಂಬರಿ ಇನ್ನೂ ಅರ್ಧ ಉಳಿದಿದೆ.

೧೪ ಸೆಪ್ಟೆಂಬರ್, ಶನಿವಾರ

ನೀಲಾ ಹಿಟ್ಟಿನ ಗಿರಣಿಗೆ ಹೋದಾಗ ಎದ್ದು ಹಿತ್ತಲವರೆಗೆ ಹೋಗಿ ಬಂದೆ. ನೋವಿಲ್ಲ. ಕೋಲೂ ಬೇಕಾಗಲಿಲ್ಲ.

ಸಂಜೆ ಮಂಗಳವ್ವ ಬೆರಳೆಲ್ಲ ಹಸಿರು ಮಾಡಿಕೊಂಡು ಬಂದಳು. ಹೊಸ ಆಳೊಬ್ಬಳು ಎರಡು ಸಾಲು ಕೆಡಿಸಿದಳಂತೆ. ನಾಳೆ ಅರಳುವ ಮೊಗ್ಗನ್ನೇ ಇವತ್ತು ಬಿಡಿಸಬೇಕು. ಒಂದು ದಿನ ಮೊದಲು ಬಿಡಿಸಿದರೆ ಉದುರುತ್ತದೆ, ಒಂದು ದಿನ ತಡವಾದರೆ ಅದು ಆಗಲೇ ತನ್ನ ದಾರಿ ಹಿಡಿದಿರುತ್ತದೆ. ಪುಸ್ತಕಕ್ಕೂ ಹೀಗೇ ಒಂದು ದಿನ ಇರುತ್ತದೋ ಏನೋ. ನೀಲಾಗೆ ಇವತ್ತು ಅದರ ಗೀಳು ಹತ್ತಿದೆ. ನನಗೆ ಹದಿಮೂರರಲ್ಲಿ ಹತ್ತಿತ್ತು. ಆದರೆ ಈಗ ಮತ್ತೆ ಯಾಕೆ ಹತ್ತುತ್ತಿದೆ ಎನ್ನುವುದಕ್ಕೆ ಮಂಗಳವ್ವನ ಹತ್ತಿಯಲ್ಲಿ ಉತ್ತರ ಇಲ್ಲ.

೧೯ ಸೆಪ್ಟೆಂಬರ್, ಗುರುವಾರ

ಕಾಲೇಜಿನಿಂದ ಕಾಗದ ಬಂತು. ಈ ತಿಂಗಳ ಮೂವತ್ತಕ್ಕೆ ನೀಲಾ ಕ್ಲಾಸಿನಲ್ಲಿ ಇರದಿದ್ದರೆ ಹಾಜರಿ ಸಾಲುವುದಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದೆ. ಅಜ್ಜಪ್ಪ ಎರಡು ಸಲ ಓದಿ ಮಡಚಿ ಜೇಬಿನಲ್ಲಿಟ್ಟ. ಆಯಿ ಇನ್ನೂ ಎದ್ದಿಲ್ಲವಲ್ಲ ಎಂದ. ಆಮೇಲೆ, ಯಾರಿಗೆ ಎಂದಿಲ್ಲದೆ, “ಈ ವರ್ಷ ಹ್ವಾದ್ರ ಹೋತು. ಮಾಗಿ ಕಳೀಲಿ, ಒಂದು ವರ ನೋಡಿದ್ರಾತು,” ಎಂದ. ನೀಲಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಲ್ಲಲಿಲ್ಲ, ಹೆಚ್ಚಲೂ ಇಲ್ಲ.

ಆಮೇಲೆ ಬಂದು, ಒಂದು ಸಲ ನಿಂತು ನೋಡುತ್ತೀಯಾ ಎಂದು ನನ್ನ ರಟ್ಟೆ ಹಿಡಿದಳು. ಕಾಲು ನೆಲಕ್ಕೆ ತಾಗಿಸಿ ಮುಖ ಕಿವುಚಿದೆ. ಅವಳು ಗಾಬರಿಯಾಗಿ ಮಲಗಿಸಿ ಎಣ್ಣೆ ಹಚ್ಚಿದಳು.

ತುಂಗತ್ತೆ ಹೊಟ್ಟೆ ಹಿಡಿದುಕೊಂಡಳು. ಅದು ದಡ್ಡತನ. ಹೊಟ್ಟೆನೋವಿಗೆ ಅಜವಾನ ಇದೆ, ಕುದಿಸಿ ಕುಡಿಸುತ್ತಾರೆ, ಮುಗಿಯಿತು. ಕಾಲಿನ ವಿಷಯ ಹಾಗಲ್ಲ.

೨೧ ಸೆಪ್ಟೆಂಬರ್, ಶನಿವಾರ

ಮೆಹಬೂಬಿ ಬಂದಳು. ಹಾಸಿಗೆಯ ಕಾಲ್ದೆಸೆಗೆ ಕುಳಿತಳು. ಕೂತವಳು ಸುಮ್ಮನೆ ಕೂರಬೇಕೋ ಬೇಡವೋ.

“ಹೊಳೆವ್ವಾ, ನಿನ್ನ ಅಂಗಾಲಿಗೆ ಏನೋ ಹತ್ತೈತಿ.”

ಹಾಸಿಗೆಯ ಧೂಳು ಎಂದೆ.

“ನಿಮ್ಮ ಮನ್ಯಾಗ ಹಾಸಿಗೀನೂ ಸಗಣಿಲೆ ಸಾರಸ್ತೀರೇನು?”

ಹಿತ್ತಲನ್ನು ಬೆಳಿಗ್ಗೆ ಸಾರಿಸಿದ್ದರು. ನನಗೆ ನೆನಪಿರಲಿಲ್ಲ. ಮೆಹಬೂಬಿ ತನ್ನ ಸೆರಗಿನಿಂದಲೇ ನನ್ನ ಅಂಗಾಲು ಒರೆಸಿದಳು. ಯಾರಿಗೂ ಹೇಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಬಾವಿಯಲ್ಲಿ ನೀರು ಹೇಗಿದೆ ಎಂದು ಕೇಳಿದಳು. ಯಾವ ಬಾವಿ ಎಂದೆ. ಹೋದಳು. ಇಂಥ ಮಾತಿಗೆ ಅರ್ಥ ಹುಡುಕುತ್ತ ಕೂರಲು ನನಗೆ ಪುರುಸೊತ್ತಿಲ್ಲ.

೨೫ ಸೆಪ್ಟೆಂಬರ್, ಬುಧವಾರ

ಇದನ್ನು ಪೂರ್ತಿ ಬರೆಯಬೇಕು.

ದಾಮು ರೈಲು ಹತ್ತಿ ಈಗ ಒಂದು ವಾರವಾಯಿತು. ನಾನು ಕಾಣದ ಪುಟಗಳು. ರೈಲಿಗೇ ಹನ್ನೊಂದು ಪುಟ. ಹೊಗೆ, ಸೇತುವೆ, ಕಿಟಕಿಯಾಚೆಯ ನವಿಲು, ಎದುರಿಗೆ ಕುಳಿತವನ ಪೇಟ. ಆಮೇಲೆ ಪಟ್ಟಣ, ವಾರಾನ್ನದ ಮನೆಗಳು, ಒಬ್ಬ ಗೆಳೆಯ, ಒಬ್ಬ ವಕೀಲರ ಮಗಳು. ನಾನು ಕಾಯುತ್ತಿದ್ದೆ. ತುಂಗತ್ತೆ ಮನೆಯಲ್ಲಿ ಮಲಗಿದ್ದಾಳಲ್ಲ, ಅವಳು ಎದ್ದಳೇ ಇಲ್ಲವೇ, ಬರೆದವನು ಯಾವಾಗಲಾದರೂ ಆ ಕಡೆ ಹೊರಳಬೇಕಲ್ಲ ಎಂದು.

ಇವತ್ತು ನೀಲಾ ಓದುತ್ತ ಓದುತ್ತ ಒಂದು ಸಾಲು ದಾಟಿ ಮುಂದೆ ಹೋದಳು. ನಿಲ್ಲು ಎಂದೆ. ಹಿಂದೆ ಹೋಗು ಎಂದೆ. ಎಲ್ಲಿಗೆ ಎಂದು ಅವಳಿಗೆ ತಿಳಿಯಲಿಲ್ಲ. ಪುಸ್ತಕ ಕಸಿದುಕೊಂಡು ನಾನೇ ಹುಡುಕಿದೆ. ಇನ್ನೂರಾ ಹದಿನಾಲ್ಕನೇ ಪುಟ. ‘ಆ ಮಳೆಗಾಲದಲ್ಲಿ ಅತ್ತೆ ತೀರಿಕೊಂಡಳೆಂದು ಕಾಗದ ಬಂತು. ದಾಮು ಅದನ್ನು ಲೆಕ್ಕದ ಪುಸ್ತಕದಲ್ಲಿಟ್ಟು ಮರೆತ.’ ಅಷ್ಟೇ. ಅದರ ಕೆಳಗೆ ವಕೀಲರ ಮಗಳು ಹಾರ್ಮೋನಿಯಂ ಬಾರಿಸುತ್ತಾಳೆ.

“ಇಷ್ಟಽ?” ಎಂದು ಕೇಳಿದೆ.

ನೀಲಾ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಆ ಸಾಲು ಮೂರು ಸಲ ಓದಿದಳು, ಮನಸ್ಸಿನಲ್ಲೇ. “ಜೂನದಾಗ ಒಮ್ಮೆ ಓದಿ ಮುಗಿಸೇನಿ ಆಯಿ. ನೋಟ್ಸೂ ಬರದೇನಿ. ಈ ಸಾಲು ನಾ ನೋಡೇ ಇಲ್ಲ.”

ನಾನು ಬೈಯಬೇಕೆಂದಿದ್ದೆ. ಆದರೆ ಹದಿಮೂರರಲ್ಲಿ ಈ ಪುಟದವರೆಗೆ ಬಂದಿದ್ದರೆ ನಾನೂ ನೋಡುತ್ತಿರಲಿಲ್ಲ. ಹಾರ್ಮೋನಿಯಂ ಕೇಳುತ್ತಿದ್ದೆ.

ನೀಲಾ ಕೈ ತೊಳೆದು ಬಂದು ನನ್ನ ಕಾಲಿಗೆ ಎಣ್ಣೆ ಹಚ್ಚಿದಳು. ದಿನದಂತೆ. ಬೇಡ ಎಂದೆ. ನೋಯುತ್ತದಾ ಎಂದಳು.

೨೬ ಸೆಪ್ಟೆಂಬರ್, ಗುರುವಾರ

ಬರೆಯುವಂಥದ್ದು ಏನೂ ಇಲ್ಲ.

೨೮ ಸೆಪ್ಟೆಂಬರ್, ಶನಿವಾರ

ಅಜ್ಜಪ್ಪ ಖುಷಿಯಲ್ಲಿ ಬಂದ. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ನೌಕರಿ ಇರುವ ಒಬ್ಬ ಹುಡುಗನ ಸುದ್ದಿ ಸಿಕ್ಕಿದೆಯಂತೆ. ಮನೆತನ ಛಲೋ ಇದೆಯಂತೆ. ಮಂಗಳವ್ವ ಬೆರಳು ತೊಳೆಯುತ್ತ ಬಹಳ ಹೊತ್ತು ನಿಂತಳು.

ನೀಲಾ ಪುಸ್ತಕಗಳನ್ನು ಟ್ರಂಕಿನಲ್ಲಿ ತುಂಬಿ, ಏಣಿ ಹಾಕಿ ಟ್ರಂಕನ್ನು ಅಟ್ಟಕ್ಕೆ ಏರಿಸಿದಳು. ಇನ್ನು ಮೂವತ್ತು ಪುಟ ಉಳಿದಿವೆ, ಓದು ಎಂದೆ.

“ಪರೀಕ್ಷಾನಽ ಇಲ್ಲಂದ್ರ ಯಾಕ ಓದಲಿ ಆಯಿ,” ಎಂದಳು. ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ.

೨೯ ಸೆಪ್ಟೆಂಬರ್, ಭಾನುವಾರ

ಈ ಡೈರಿಯಲ್ಲಿ ಭಾನುವಾರಕ್ಕೆ ಅರ್ಧ ಪುಟ ಕೊಟ್ಟಿದ್ದಾರೆ. ಸಣ್ಣ ಅಕ್ಷರದಲ್ಲಿ ಬರೆಯುತ್ತೇನೆ.

ಬೆಳಿಗ್ಗೆ ನೀಲಾ ನೀರಿಗೆ ಹೋದಾಗ ಎದ್ದೆ. ಹೊಲಕ್ಕೆ ಒಯ್ಯಲು ಕಟ್ಟಿಟ್ಟಿದ್ದ ರೊಟ್ಟಿಬುತ್ತಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೆ. ಹೊಲ ಒಂದು ಮೈಲು ಇದೆ. ದಾರಿಯಲ್ಲಿ ನಾಲ್ಕು ಮಂದಿ ಕಂಡರು, ಕಾಲು ಹೇಗಿದೆ ಎಂದು ನಾಲ್ವರೂ ಕೇಳಿದರು. ಇದೇ ಎಂದು ತೋರಿಸಿದೆ.

ಹೊಲದಲ್ಲಿ ಹೂವು ತಾಗಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಅಜ್ಜಪ್ಪನ ಬಾಯಿ ತೆರೆದೇ ಇತ್ತು. “ಅವ್ವಾ, ಕಾಲು?”

“ಎರಡೂ ಅದಾವ. ಎಣಿಸ್ಕೋ.”

ಯಾವಾಗಿನಿಂದ ಎಂದು ಕೇಳಿದ. ಇಪ್ಪತ್ತು ದಿನ ಆಯಿತು ಎಂದೆ. ಹಿಂದೆ ಉಸಿರಿನ ಸಪ್ಪಳ ಕೇಳಿಸಿತು. ಮನೆಯಲ್ಲಿ ನಾನು ಕಾಣದೆ ನೀಲಾ ಓಡಿ ಬಂದಿದ್ದಳು. ಕೈಯಲ್ಲಿ ಕೊಡ ಹಾಗೇ ಇತ್ತು, ನೀರು ದಾರಿಯಲ್ಲಿ ಚೆಲ್ಲಿತ್ತು.

“ಇಪ್ಪತ್ತು ದಿನಾ?” ಎಂದಳು. ಅಷ್ಟೇ.

ಅವಳ ಕಡೆ ತಿರುಗದೆ ಅಜ್ಜಪ್ಪನಿಗೆ ಹೇಳಿದೆ, ನಾಳೆ ಮೊದಲ ಬಸ್ಸಿಗೆ ಇವಳನ್ನು ರಾಣೆಬೆನ್ನೂರಿಗೆ ಕಳಿಸು ಎಂದು. ಅವನು ವರದ ಮಾತು ಎತ್ತಿದ.

“ನಿನ್ನ ಹೆಂಡತೀನ ಕೇಳು,” ಎಂದೆ. “ಮೊಗ್ಗು ಒಂದು ದಿನ ಮೊದಲು ಬಿಡಿಸಿದ್ರ ಏನಾಗ್ತೈತಿ ಅಂತ ಅಕಿನಽ ಹೇಳ್ಯಾಳ.”

ಮಂಗಳವ್ವ ಹತ್ತಿಯ ಸಾಲಿನಿಂದ ತಲೆ ಎತ್ತಿದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಗಂಡನೆದುರು ಅವಳು ದನಿ ಎತ್ತಿದ್ದು ನಾನು ಕೇಳಿಲ್ಲ. “ಉದುರತೈತ್ರಿ,” ಎಂದಳು. ಇಡೀ ಹೊಲಕ್ಕೆ ಕೇಳಿಸಿತು.

ಅಜ್ಜಪ್ಪ ಬುತ್ತಿ ಬಿಚ್ಚಿದ. ಹಸಿದಿದ್ದ.

ಪುಟ ಮುಗಿಯಿತು.

೩೦ ಸೆಪ್ಟೆಂಬರ್, ಸೋಮವಾರ

ಬಸ್ ಸ್ಟ್ಯಾಂಡಿಗೆ ನಡೆದೇ ಹೋದೆ. ಟ್ರಂಕು ಅಜ್ಜಪ್ಪ ಹೊತ್ತ. ನೀಲಾ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಬುತ್ತಿ ಕೊಟ್ಟೆ, ತೆಗೆದುಕೊಂಡಳು. ಬಸ್ಸು ಬಂತು, ಹತ್ತಿದಳು, ಕಿಟಕಿಗೆ ಕುಳಿತಳು. ತಿರುಗಿ ನೋಡಲಿಲ್ಲ.

ದಾಮುವೂ ತಿರುಗಿ ನೋಡಿರಲಿಲ್ಲ. ಆ ಜಾಗದಲ್ಲಿ ಹದಿಮೂರರಲ್ಲಿ ನಾನು ಭಲೇ ಎಂದಿದ್ದೆ.

೧೬ ಅಕ್ಟೋಬರ್, ಬುಧವಾರ

ನನ್ನ ಹೆಸರಿಗೆ ಕಾರ್ಡು ಬಂತು. ನನ್ನ ಹೆಸರಿಗೆ ಬಂದ ಮೊದಲನೇ ಕಾರ್ಡು. ಅಂಚೆಯವನು ಹೊಳೆವ್ವ ಯಾರು ಎಂದು ಕೇಳಿದ. ಮೂವತ್ತು ವರ್ಷದಿಂದ ನಮ್ಮ ಕಟ್ಟೆಯ ಮೇಲೆ ಕುಳಿತು ನೀರು ಕುಡಿದಿದ್ದಾನೆ.

‘ಹಾಜರಿ ಸರಿಯಾಗಿದೆ. ಪುಟ ಇನ್ನೂರಾ ಹದಿನಾಲ್ಕನ್ನು ಮತ್ತೆ ಓದಿದೆ, ಪೆನ್ಸಿಲಿನಿಂದ ಗೆರೆ ಹಾಕಿದ್ದೇನೆ. ನಿನ್ನ ಕಾಲು ಹೇಗಿದೆ ಎಂದು ನಾನು ಕೇಳುವುದಿಲ್ಲ.’

ಅಕ್ಷರ ಚೆನ್ನಾಗಿದೆ. ಡೈರಿಯಲ್ಲಿಟ್ಟಿದ್ದೇನೆ. ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲಿ ಇಲ್ಲ.

೨೧ ಡಿಸೆಂಬರ್, ಶನಿವಾರ

ಎರಡು ತಿಂಗಳು ಬರೆಯಲಿಲ್ಲ. ಕೈಗೆ ಕೆಲಸ ಬಂದಿತ್ತು. ದೀಪಾವಳಿಗೆ ನೀಲಾ ಬಂದಿದ್ದಳು. ಮೊದಲನೇ ದಿನ ಗಂಟು ಮುಖ, ಎರಡನೇ ದಿನ ನನ್ನ ಜೊತೆ ಜಗಳ, ಮೂರನೇ ದಿನ ಸರಿಯಾದಳು. ಪುಸ್ತಕದ ಕೊನೆ ಹೇಳಲೇ ಎಂದು ಕೇಳಿದಳು. ಬೇಡ ಎಂದೆ. ನನ್ನ ಹತ್ತಿರ ಒಂದಿದೆ.

ಹೊಸ ಕಾಯಿ ಬರಲು ಸುರುವಾಗಿದೆ. ಇವತ್ತು ಟ್ರ್ಯಾಕ್ಟರಿನಲ್ಲಿ ಬ್ಯಾಡಗಿಗೆ 
ಹೋದೆವು. ಗೋದಾಮಿನಲ್ಲಿ ಸೀನು, ಕೆಮ್ಮು, ಕೆಂಪು ರಾಶಿ, ಎಲ್ಲ ಹೋದ ವರ್ಷದ ಹಾಗೇ. ಮೆಹಬೂಬಿ ನನ್ನ ಎಡಕ್ಕೆ ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯರು ದಾಮುವಿನ ಕಥೆ ಹೇಳು ಎಂದು ಗಂಟುಬಿದ್ದರು. ಹೇಳಿದೆ.

ಮೂರನೇ ಸಲ ದಾಮು ಹೊರಟಾಗ ತುಂಗತ್ತೆ ಮಲಗಿದ್ದಳು. ಮಲಗಿದವಳು ಎದ್ದಳು. ಅವನ ಟ್ರಂಕನ್ನು ತಲೆಯ ಮೇಲೆ ಹೊತ್ತು ತಾನೇ ಸ್ಟೇಶನ್ನಿಗೆ ಹೋದಳು. ಅವನನ್ನು ಹತ್ತಿಸಿದಳು. ಅವನು ತಿರುಗಿ ನೋಡಲಿಲ್ಲ. ಆ ವಯಸ್ಸಿಗೆ ಯಾರೂ ನೋಡುವುದಿಲ್ಲ. ರೈಲು ಹೊಳೆ ದಾಟಿ ಒಂದು ಸಲ ಕೂಗಿತು. ತುಂಗತ್ತೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಸೆರಗಿನ ಗಂಟು ಬಿಚ್ಚಿ ಒಂದು ರೊಟ್ಟಿ ತಿಂದಳು.

ಅಳಲಿಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ಹಸಿವಾಗಿತ್ತು ಎಂದೆ.

ಮೆಹಬೂಬಿ ತೊಟ್ಟು ಮುರಿಯುವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. “ಇದು ಯಾವಾಗಿಂದ ಹೊಳೆವ್ವಾ?”

“ಮೊದಲಿಂದ ಹಿಂಗಽ ಐತಿ. ನೀ ಮರತಿ,” ಎಂದೆ.